ಅವ್ವ ಒತ್ತುತ್ತಿದ್ದ ನಂಬರು

ಭಾನುವಳ್ಳಿಯಿಂದ ಹರಿಹರದ ತನಕ ಬಸ್ಸಿನಲ್ಲಿ ಕಣ್ಣು ಮುಚ್ಚೋದು ಭಾಗ್ಯಲಕ್ಷ್ಮಿಯ ರೂಢಿ. ಅವತ್ತು ಮುಂದಿನ ಸೀಟಿನ ಅಣ್ಣ ತಂಗಿ ನಿದ್ದೆ ಮಾಡಗೊಡಲಿಲ್ಲ. ಅಣ್ಣನ ಮೊಬೈಲು ಟಿಣ್ ಅಂದಿದ್ದೇ ಮಾತು ಶುರುವಾಯಿತು.

"ಏನಣ್ಣ ಅದು?"

"ನಿಟ್ಟುವಳ್ಳಿ ನನ್ನ ಮನೇಲಿರೋ ಸರ್ವರ್ರು, ಫೋಟೋ ಇಡೋ ಕಂಪ್ಯೂಟರು. ಕರೆಂಟು ಹೋಗಿ ಬಂದ್ರೆ ಅದರ ಇಂಟರ್‌ನೆಟ್ ವಿಳಾಸದ ನಂಬರು ಬದಲಾಗ್ತೈತೆ. ಅದೇ ಐದೈದು ನಿಮಿಷಕ್ಕೆ ನೋಡ್ಕಂಡು, ಹೊಸ ನಂಬರು ನನಗೆ ಕಳಿಸೋ ಹಂಗೆ ಮಾಡೀನಿ."

"ನಿನ್ನ ಮಗಳ ಫೋಟೋ ಎಲ್ಲಾ ಇರೋದು ಅದ್ರಾಗೇ ಅಲ್ವಾ?"

"ಹೂಂ. ನೋಡಕಂತ ಅವ್ವಂಗೂ ನಂಬರು ಕೊಟ್ಟಿದ್ನಲ್ಲ."

"ಯುಗಾದಿಗೆ ಕೊಟ್ಟಿದ್ದೆ ನೀನು. ಕ್ಯಾಲೆಂಡರ್ ಮೇಲೆ ಬರ್ಕಂಡಿದ್ಲು. ದಿನಾ ಮೊಬೈಲಿನಾಗೆ ಅದನ್ನೇ ಒತ್ತೋಳು, ತೆರೀತಿರಲಿಲ್ಲ."

"ಅದು ವಾರದಾಗೇ ಬದಲಾಗಿತ್ತಲ್ಲೇ!"

"ನಿನಗೆ ಗೊತ್ತಿತ್ತು. ಅವ್ವ, ಮಗ ಚಿಲಕ ಹಾಕ್ಯಾನೆ ಅಂತ ತಿಳ್ಕಂಡ್ಲು."

"ನೀನಾದ್ರೂ ನನಗೊಂದು ಫೋನು ಮಾಡಬಾರದಿತ್ತಾ?"

"ಮಾಡ್ತೀನಿ ಅಂದೆ. ಬ್ಯಾಡ, ತೆಗೀಬೇಕು ಅನ್ನಿಸಿದ್ರೆ ಅವನೇ ತೆಗೀತಾನೆ ಅಂದ್ಲು. ಸಾಯೋ ದಿನಾನೂ ಒತ್ತಿದ್ಲು."

ಹರಿಹರ ಬಂತು. ತಂಗಿ ಚೀಲ ಎತ್ತಿಕೊಂಡಳು.

"ಎಲ್ಲಿಗೆ ಹೊಂಟಿ?"

"ಪ್ರೆಸ್ಸಿಗೆ. ಅವ್ವನ ಶಿವಗಣಾರಾಧನೆ ಕಾರ್ಡು ಅಚ್ಚಿಗೆ ಕೊಡಬೇಕು."

"ನಾನೂ ಬರ್ತೀನಿ ತಡಿ."

"ಬ್ಯಾಡ. ಇದೊಂದು ಹೇಳು ಸಾಕು. ನಿನ್ನ ಹೆಸರಿನ ಕೆಳಗೆ ಯಾವ ವಿಳಾಸ ಹಾಕಿಸಲಿ? ಅವ್ವಂಗೆ ಕೊಟ್ಟಿದ್ದಾ, ಈಗ ಬಂದಿದ್ದಾ?"

ಉತ್ತರಕ್ಕೆ ನಿಲ್ಲದೆ ತಂಗಿ ಇಳಿದು ಹೋದಳು.