ರಾಟೆ ಇಲ್ಲದ ಬಾವಿ

ನಡುವೆ ಬಾಯಿ ಹಾಕೋದಾದ್ರೆ ಈಗಲೇ ಎದ್ದು ಹೋಗಿ ಮಲಗಿ. ಇದು ನನ್ನ ಸೋದರತ್ತೆ ಮಗ ನಿರಂಜನನಿಗೆ ಆದದ್ದು. ಅವನು ಕುಡಿಯೋನಲ್ಲ, ಬಾಡಿಗೆ ಕಾರು ಓಡಿಸೋನು. ಸಾಗರದಿಂದ ಹೊಸನಗರಕ್ಕೆ ಹೋಗೋ ದಾರಿಯಲ್ಲಿ ಅವರ ಊರು.

ಅವತ್ತು ಪೈಪು ಹಾಕೋಕೆ ರಸ್ತೆ ಅಗೆದಿದ್ರು. ಕಾರನ್ನ ಮೇಲೆ ದೊಡ್ಡ ರಸ್ತೆಯಲ್ಲೇ ಬಿಟ್ಟು, ರಾತ್ರಿ ಮೊಬೈಲು ಬೆಳಕಲ್ಲಿ ನಡ್ಕೊಂಡು ಬರ್ತಿದ್ದ. ಪಕ್ಕದ ಮನೆ ನಿಂಗಪ್ಪನ ಬಾವಿ ಹತ್ರ ಬಂದಾಗ ಕೇಳ್ತು. ಕಿರ್ರ್... ಕಿರ್ರ್... ಎಣ್ಣೆ ಕಾಣದ ರಾಟೆ ತಿರುಗೋ ಸದ್ದು. ಆಮೇಲೆ ಕೊಡ ನೀರಿಗೆ ಬಿತ್ತು, ಧುಡುಂ. ತುಂಬೋವಾಗ ಗುಳುಗುಳು... ಮತ್ತೆ ಕಿರ್ರ್.

ನಿರಂಜನ ಅಲ್ಲೇ ನಿಂತ. ಯಾಕಂದ್ರೆ ಆ ಬಾವಿಗೆ ರಾಟೆನೇ ಇಲ್ಲ. ಬೋರು ತೆಗೆಸಿದ ವರ್ಷವೇ ಬಾವಿಗೆ ಸಿಮೆಂಟ್ ಚಪ್ಪಡಿ ಮುಚ್ಚಿ, ರಾಟೆಯನ್ನ ಗುಜರಿಗೆ ಹಾಕಿದ್ರು.

ಚಪ್ಪಡಿ ಪಕ್ಕ ಜಲಜಮ್ಮ ನಿಂತಿದ್ರು.

ಜಲಜಮ್ಮ ನಿಂಗಪ್ಪನ ಹೆಂಡತಿ. ಮಾನಸಿಕ ಆಸ್ಪತ್ರೆಯಿಂದ ಆಗಷ್ಟೇ ಮನೆಗೆ ಬಂದಿದ್ರು. ಸೇರಿಸಿದ್ದು ಯಾಕೆ ಅಂದ್ರೆ ಇದಕ್ಕೇ. ರಾತ್ರಿ ಬಾವಿಯಿಂದ ಯಾರೋ ನೀರು ಸೇದ್ತಾರೆ ಅಂತಿದ್ರು, ಎದ್ದು ಹೋಗಿ ನಿಲ್ತಿದ್ರು. ಆಸ್ಪತ್ರೆಗೆ ಬಾ ಅಂದ್ರೆ ಒಲ್ಲೆ ಅಂದ್ರು. ಆಗ ನಿಂಗಪ್ಪ, "ಸಿಗಂದೂರಿಗೆ ಹೋಗಿ ಬರಣ, ಹೊಸ ಸೇತುವೆನೂ ನೋಡ್ದಂಗಾತು" ಅಂದ. ಆಯಮ್ಮ ರೇಷ್ಮೆ ಸೀರೆ ಉಟ್ಟು, ಹಣ್ಣುಕಾಯಿ ಚೀಲ ತೊಡೆ ಮೇಲಿಟ್ಕೊಂಡು ಹೊರಟ್ರು. ಕಾರು ಓಡಿಸಿದವನು ನಿರಂಜನನೇ. ಸಾಗರದಲ್ಲಿ ಕಾರು ಸಿಗಂದೂರು ಕಡೆ ತಿರುಗಲಿಲ್ಲ. ಆನಂದಪುರದ ಬೋರ್ಡು ಕಂಡಾಗ ಜಲಜಮ್ಮ ಕೇಳಿದ್ರಂತೆ, "ದೇವಿ ಈ ಕಡೆ ಇಲ್ವಲ್ಲೋ ನಿರಂಜನ?" ಇವನು ಕಾರು ಓಡಿಸ್ತಾನೇ ಇದ್ದ. ದೇವಿ ಹೆಸರು ಹೇಳಿ ಮೋಸ ಮಾಡ್ತಾರಲ್ಲ, ನನಗೆ ಈಗಲೂ ಮೈ ಉರೀತದೆ.

ವಾರ್ಡಿನ ಬಾಗಿಲಲ್ಲಿ ನರ್ಸು ಬಳೆ, ಕರಿಮಣಿ, ಪಿನ್ನು ಎಲ್ಲ ಬಿಚ್ಚಿಕೊಡಿ ಅಂದ್ಲಂತೆ. ಗಾಜಿನ ವಸ್ತು ಒಳಗೆ ಬಿಡಲ್ಲ. ಮೆತ್ತಗೇ ಹೇಳಿದ್ಲು, ಕೆಟ್ಟವಳಲ್ಲ. ಆದ್ರೆ ಗಂಡ ಎದುರಿಗೆ ಗುಂಡುಕಲ್ಲಿನ ಹಾಗೆ ನಿಂತಿರೋವಾಗ ಕೈ ಬರಿದು ಮಾಡ್ಕೊಳ್ಳೋದು... ಆಮೇಲೆ ಹಿಂದಿನಿಂದ ಚಿಲಕ ಬಿತ್ತು, ಖಟ್.

"ಒಳಗೆ ಅತ್ರೆ ಕಾಯಿಲೆ, ಸಿಟ್ಟು ಮಾಡಿದ್ರೆ ಕಾಯಿಲೆ, ಸುಮ್ಮನೆ ಕೂತ್ರೂ ಕಾಯಿಲೆ" ಅಂತ ಜಲಜಮ್ಮ ಆಮೇಲೆ ನಮ್ಮತ್ತೆ ಹತ್ರ, ಅಂದ್ರೆ ನಿರಂಜನನ ಅಮ್ಮನ ಹತ್ರ, ಹೇಳ್ಕೊಂಡಿದ್ರು. ಸದ್ದು ಕೇಳ್ತದೆ ಅಂದಷ್ಟು ಸಲ ಮಾತ್ರೆ ಜಾಸ್ತಿ. ಕೇಳಲ್ಲ ಅಂದುಬಿಡು ಅಂತ ಪಕ್ಕದ ಮಂಚದವಳು ಕಲಿಸಿದ್ಲು. ಇವರು ಹಾಗೇ ಅಂದ್ರು. ಮನೆಗೆ ಕಳಿಸಿದ್ರು.

ಈಗ ಬಾವಿ ಹತ್ರ ಬನ್ನಿ.

"ಚಿಕ್ಕಮ್ಮಾ..." ನಿರಂಜನ ಪಿಸುಗುಟ್ಟಿದ. "ಎಂತ ಸದ್ದು ಅದು?"

"ನಂಗೆ ಎಂತ ಸದ್ದೂ ಕೇಳಲ್ಲ."

ಕಿರ್ರ್... ಕಿರ್ರ್...

"ನಂಗೆ ಕೇಳ್ತಾ ಇದೆ ಚಿಕ್ಕಮ್ಮ. ರಾಟೆ."

ಜಲಜಮ್ಮ ಅವನ ಕೈ ಹಿಡ್ಕೊಂಡ್ರು. "ನನ್ನಾಣೆಗೂ?"

"ಹ್ಞೂಂ."

ಆಯಮ್ಮ ಅತ್ತುಬಿಟ್ರು. ಪಕ್ಕದಲ್ಲಿ ದೆವ್ವ ನೀರು ಸೇದ್ತಿದೆ, ಇವರು ಸಮಾಧಾನಕ್ಕೆ ಅಳ್ತಿದಾರೆ. ಸೆರಗಲ್ಲಿ ಕಣ್ಣೊರೆಸ್ಕೊಂಡು ಅಂದ್ರು, "ಯಾರ ಹತ್ರನೂ ಬಾಯಿ ಬಿಡ್ಬೇಡ ಮಾರಾಯ. ಮತ್ತೆ ಕಾರು ಹತ್ತಿಸ್ತಾರೆ."

ಇವನಿಗೆ ತಡೀಲಿಲ್ಲ. ಉಪಕಾರ ಮಾಡ್ತೀನಿ ಅಂದ್ಕೊಂಡು ಬೆಳಿಗ್ಗೆಯೇ ನಿಂಗಪ್ಪನ ಅಂಗಳದಲ್ಲಿ ನಿಂತ. "ಚಿಕ್ಕಪ್ಪ, ಚಿಕ್ಕಮ್ಮ ಹೇಳೋದು ಸುಳ್ಳಲ್ಲ. ನಿನ್ನೆ ರಾತ್ರಿ ನಾನೂ ಕೇಳ್ದೆ."

ನಿಂಗಪ್ಪ ಹಲ್ಲುಜ್ಜೋದು ನಿಲ್ಲಿಸಿದ. "ರಾತ್ರಿ ಅವ್ಳು ಬಾವಿ ಹತ್ರ ಇದ್ಲಾ?"

"ಇದ್ರು. ಆದ್ರೆ ನಾನೂ..."

"ಹಂಗಾರೆ ಮತ್ತೆ ಶುರುವಾತು."

"ನಾನು ಕೇಳ್ದೆ ಅಂತಿದೀನಲ್ಲ ಚಿಕ್ಕಪ್ಪ."

"ಅವ್ಳ ಜತೆ ನಿಂತ್ರೆ ಯಾರಿಗಾದ್ರೂ ಕೇಳ್ತದೆ. ನೀ ಮನಿಗೆ ಹೋಗು."

ಸಂಜೆಗೆ ಸಾಗರದಿಂದ ಬೇರೆ ಕಾರು ಬಂತು. ನಿರಂಜನ ಅಡ್ಡ ನಿಂತು ಕೂಗಾಡಿದ. ನಿಂಗಪ್ಪನ ತಮ್ಮ ಅವನ ಹೆಗಲ ಮೇಲೆ ಕೈ ಹಾಕಿ, "ಕಾರಲ್ಲಿ ಇನ್ನೊಂದು ಸೀಟು ಖಾಲಿ ಇದೆ, ನೋಡು" ಅಂದ. ನಗ್ತಾನೇ ಅಂದ. ಇವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಈ ಸಲ ಯಾರೂ ಸಿಗಂದೂರು ಅನ್ನಲಿಲ್ಲ. ಜಲಜಮ್ಮನೂ ಜಗಳ ಆಡಲಿಲ್ಲ. ಜಗಲಿ ಮೇಲೆ ಕೂತು, ಬಳೆಗಳನ್ನ ತಾವೇ ಒಂದೊಂದಾಗಿ ತೆಗೆದಿಟ್ಟು ಕಾರು ಹತ್ತಿದ್ರು. ನಿರಂಜನನ ಕಡೆ ತಿರುಗಿಯೂ ನೋಡಲಿಲ್ಲ. ಅವನಿಗೆ ಅದೇ ಇವತ್ತಿಗೂ ನಿದ್ದೆ ಕೆಡಿಸೋದು, ಬಾವಿ ಅಲ್ಲ.

ಆಯಮ್ಮ ಇನ್ನೂ ಆಸ್ಪತ್ರೆಯಲ್ಲೇ ಇದಾರೆ. ಈಗ ಸದ್ದು ಕೇಳಲ್ಲ ಅಂದ್ರೂ ಡಾಕ್ಟ್ರು ನಂಬಲ್ಲ. ಹೋದ ಸಲನೂ ಹಾಗೇ ಅಂದಿದ್ರಲ್ಲ.

ನೀವು ನಗಬೇಡಿ. ಮೊನ್ನೆ ನಾನು ಅತ್ತೆ ಮನೇಲಿ ಉಳ್ಕೊಂಡಿದ್ದೆ, ನಾನೇ ಕಣ್ಣಾರೆ ಕಂಡದ್ದು ಹೇಳ್ತೀನಿ. ಊರೆಲ್ಲ ಮಲಗಿದ ಮೇಲೆ ನಿಂಗಪ್ಪನ ಮನೇಲಿ ಭರ್‌ರ್... ಅಂತ ಶುರುವಾಯ್ತು. ಕಿಟಕಿಯಿಂದ ನೋಡ್ದೆ. ಕಳೆ ಹೊಡೆಯೋ ಮಷೀನನ್ನ ಸ್ಟಾರ್ಟ್ ಮಾಡಿ ತೊಡೆ ಮೇಲಿಟ್ಕೊಂಡು, ನಿಂಗಪ್ಪ ಬಾವಿಗೆ ಬೆನ್ನು ಹಾಕಿ ಜಗಲಿ ಮೇಲೆ ಕೂತಿದ್ದ. ದಿನಾ ರಾತ್ರಿ ಹೀಗೇ ಅಂದ್ರು ಅತ್ತೆ, ಪೆಟ್ರೋಲು ಮುಗಿಯೋ ತನಕ. ಆ ಗದ್ದಲದಲ್ಲಿ ಬೇರೆ ಯಾವ ಸದ್ದೂ ಕಿವಿಗೆ ಬೀಳಲ್ಲ.

ಅವನನ್ನ ಇವತ್ತಿನ ತನಕ ಯಾರೂ ಎಲ್ಲಿಗೂ ಕರ್ಕೊಂಡು ಹೋಗಿಲ್ಲ.