ಕುರ್ಚಿ ಖಾಲಿ ಬಿಟ್ಟವಳು

ನಗಬೇಡಿ ಮತ್ತೆ. ಇದು ನಮ್ಮ ಚಿಕ್ಕಮ್ಮನ ಮಗಳಿಗೇ ಆದದ್ದು.

ಹಗಲೆಲ್ಲ ಹೊಲಿಗೆ ಅಂಗಡಿ, ಸಂಜೆ ಮೇಲೆ ಚಿತ್ರ ಕಲಿಯೋದು. ಮೇಷ್ಟ್ರು ಅವಳಿಗೆ ಹಳೇ ಕಾಲದ ಎಣ್ಣೆಬಣ್ಣದ ಚಿತ್ರವೊಂದನ್ನ ನಕಲು ಮಾಡೋಕೆ ಕೊಟ್ಟಿದ್ದರು. ಒಂದು ಕೋಣೆ, ತೆರೆದ ಬಾಗಿಲು, ಕಂದು ಕುರ್ಚಿಯಲ್ಲಿ ಬೆನ್ನು ಹಾಕಿ ಕೂತ ಹೆಂಗಸು. ಜೊತೆಗೊಂದು ಕಟ್ಟಪ್ಪಣೆ: "ಮೊದಲು ಹೆಂಗಸನ್ನ ಬರಿ, ಆಮೇಲೆ ಕೋಣೆ. ಕುರ್ಚಿ ಖಾಲಿ ಬಿಟ್ಟು ಮನೆಗೆ ಹೋಗ್ಬೇಡ."

ಯಾಕೆ ಅಂತ ಕೇಳಿದರೆ ಆ ಪುಣ್ಯಾತ್ಮ ಕುಂಚ ತೊಳೆಯೋಕೆ ಎದ್ದು ಹೋದರು.

ಇವಳಿಗೋ ಮನುಷ್ಯರನ್ನ ಬರೆಯೋದಂದ್ರೆ ಕೈನಡುಕ. ಅವತ್ತು ಮೇಷ್ಟ್ರು ಬೇರೆ ಇರಲಿಲ್ಲ. ಕೋಣೆ ಬರೆದಳು, ಕುರ್ಚಿ ಬರೆದಳು, ಹೆಂಗಸನ್ನ ನಾಳೆಗಿಟ್ಟು ಮೇಷ್ಟ್ರ ಚಿತ್ರಶಾಲೆಗೆ ಬೀಗ ಹಾಕಿ ಹೊರಟಳು.

ದಾರಿಯ ಬಾವಿ ಹತ್ತಿರ ಬಂದಾಗ ಹಿಂದಿನಿಂದ ಸದ್ದು. ಸರ್ರ್... ಟಕ್. ಸರ್ರ್... ಟಕ್. ಯಾರೋ ಮರದ ಕುರ್ಚಿ ಎಳೆದ ಹಾಗೆ. ತಿರುಗಿದಳು... ಯಾರೂ ಇಲ್ಲ. ಬಣ್ಣಕ್ಕೆ ಬೆರೆಸೋ ಅಗಸೆ ಎಣ್ಣೆ ವಾಸನೆ ಮಾತ್ರ ಗಪ್ಪಂತ ಮೂಗಿಗೆ ಹೊಡೀತು.

ಒಂದೇ ಉಸಿರಿಗೆ ಮನೆ ಸೇರಿದಳು. ಮನೇಲಿ ಚಿಕ್ಕಮ್ಮ ಒಬ್ಬಳೇ. ಕಾಲು ಸ್ವಾಧೀನ ತಪ್ಪಿ ವರ್ಷಗಳೇ ಆಗಿದ್ದವು, ಮಗ್ಗುಲು ಬದಲಿಸೋಕೂ ಮಗಳೇ ಬೇಕು. ಅವಳನ್ನ ಬಿಟ್ಟರೆ ಇವಳಿಗೂ ಬೇರೆ ದಿಕ್ಕಿಲ್ಲ.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ ಪಿಸುಗುಟ್ಟುತ್ತಿದ್ದಳು. "ಬಂದೆ... ಬಂದೆ..."

"ಅಮ್ಮಾ, ಎಲ್ಲಿಗೆ?"

"ಕುರ್ಚಿ ಖಾಲಿ ಇದೆಯಂತೆ ಕಣೇ... ಕೂತ್ಕೋ ಬಾ ಅಂತಿದ್ದಾರೆ."

ಕೈ ಮುಟ್ಟಿದರೆ ತಣ್ಣಗೆ ಕೊರೆಯುತ್ತಿತ್ತು.

ಮೇಷ್ಟ್ರ ಮಾತು ಆಗ ನೆನಪಾಯ್ತು ಇವಳಿಗೆ. ಪಕ್ಕದ ಮನೆಯಾಕೆಯನ್ನ ಎಬ್ಬಿಸಿ ಅಮ್ಮನ ಹತ್ತಿರ ಕೂರಿಸಿದಳು, ಬಂದ ದಾರೀಲೇ ವಾಪಸ್ ಓಡಿದಳು. ಬೀಗ ತೆಗೆದು ದೀಪ ಹಾಕಿದರೆ... ತಾನು ಬರೆದಿಟ್ಟ ಕುರ್ಚಿಯ ಮೇಲೆ ಬೂದು ಬಣ್ಣದ ಬೆನ್ನೊಂದು ಮೂಡಿತ್ತು. ವಾರೆ ತುರುಬು. ಬೆಳಿಗ್ಗೆ ಅವಸರದಲ್ಲಿ ಇವಳೇ ಅಮ್ಮನಿಗೆ ಕಟ್ಟಿದ್ದ ತುರುಬು!

ಬಣ್ಣದ ಚಾಕು ತಗೊಂಡು ಹೆರೆದಳು. ಕರ್... ಕರ್... ಅಳುತ್ತಲೇ ಹೆರೆದಳು. ಆ ಜಾಗದಲ್ಲಿ ಹಳೇ ಚಿತ್ರದ ಹೆಂಗಸನ್ನೇ ಬರೆದು ಕೂರಿಸಿದಳು. ಕೈ ನಡುಗಲೇ ಇಲ್ಲವಂತೆ.

ಮನೆಗೆ ಬರೋ ಹೊತ್ತಿಗೆ ಚಿಕ್ಕಮ್ಮನ ಮೈ ಬೆಚ್ಚಗಾಗಿತ್ತು. ಮಗಳನ್ನ ನೋಡಿ ಕಣ್ಣೀರು ಹಾಕಿದಳು. "ಕುರ್ಚಿಯಿಂದ ಯಾಕೇ ಎಬ್ಬಿಸಿದೆ? ನನ್ನ ಕಾಲಲ್ಲೇ ನಡ್ಕೊಂಡು ಹೋಗಿದ್ದೆ ಕಣೇ..."

ಚಿಕ್ಕಮ್ಮ ಅಲ್ಲಾಡಿದ್ದನ್ನೇ ನೋಡಲಿಲ್ಲ ಅಂತ ಪಕ್ಕದ ಮನೆಯಾಕೆ ಇವತ್ತಿಗೂ ಆಣೆ ಮಾಡ್ತಾಳೆ. ಆದರೆ ಚಿಕ್ಕಮ್ಮ ಹೊದ್ದಿದ್ದ ಶಾಲಿನ ಬೆನ್ನ ಮೇಲೆ ಅಡ್ಡಡ್ಡ ಎರಡು ಕಂದು ಪಟ್ಟೆ ಇದ್ದವು. ಹಸಿ ಬಣ್ಣ. ಚಿತ್ರದ ಆ ಕುರ್ಚಿಯ ಬೆನ್ನಿಗೂ ಎರಡೇ ಅಡ್ಡಪಟ್ಟಿ.

ಶಾಲು ಒಗೆದವಳು ನಾನೇ. ಸೀಮೆಎಣ್ಣೆ ಹಾಕಿ ಉಜ್ಜಿದೆ. ಹೋಗಿಲ್ಲ. ಸುಳ್ಳು ಅನ್ನೋರು ಬನ್ನಿ, ತೋರಿಸ್ತೀನಿ.