ಜೋಡಿ ದೀಪದ ಕಂಬ

ಸೂಝೌ ವಸ್ತುಸಂಗ್ರಹಾಲಯದಲ್ಲಿ ಹಳೆಯ ವಸ್ತುಗಳನ್ನು ಪರೀಕ್ಷಿಸಿ ಅಸಲಿಯೋ ನಕಲಿಯೋ ಹೇಳುವ ದಿನ. ಸರತಿಯಲ್ಲಿ ರುವಾನ್ ಪೇವೆನ್‌ಳ ಮುಂದೆ ಒಬ್ಬ ಮುದುಕ ಮತ್ತು ಅವನ ಮಗಳು. ನಡುವೆ ರಜಾಯಿ ಸುತ್ತಿದ ದೀಪದ ಕಂಬ. ಅವರ ಮಾತು ಪೇವೆನ್‌ಗೆ ಕೇಳಿಸುತ್ತಿತ್ತು.

"ಕಳ್ಳನ ಥರ ಯಾಕಪ್ಪ ಬೆವರ್ತಿದೀಯ? ಹುವಾಂಗ್‌ಹುವಾಲಿ ಮರದ್ದು ಈಗೆಲ್ಲಿ ಸಿಗತ್ತೆ? ಸಂಗ್ರಹ ಮಾಡೋರು ಮುಗಿಬೀಳ್ತಾರೆ."

"ಇಂಥವು ಜೋಡೀಲೇ ಇರೋದು. ಇನ್ನೊಂದೆಲ್ಲಿ ಅಂತಾರೆ."

"ಕಳೆದೋಯ್ತು ಅನ್ನು."

"ಕಳೆದಿಲ್ಲ ಕಣೇ. ನಂಗೆ ಪಾಠ ಹೇಳ್ಕೊಟ್ಟ ಫೆಂಗ್ ಮೇಷ್ಟ್ರ ಮನೇಲಿದೆ."

"ಅಜ್ಜಿ ಮದುವೇಲಿ ಬಂದದ್ದು ಅಂತ ನೀನೇ ಅಂದಿದ್ದೆ!"

"ಆ ಕ್ರಾಂತಿ ಗಲಾಟೇಲಿ ಕೆಂಪು ಪಟ್ಟಿ ಕಟ್ಕೊಂಡು ನಾವು ಹುಡುಗ್ರೆಲ್ಲ ಮೇಷ್ಟ್ರ ಮನೆಗೆ ನುಗ್ಗಿ ಸಾಮಾನು ಹೊತ್ಕೊಂಡು ಬಂದಾಗ ನಂಗೆ ಹದಿನಾರು. ಎರಡೂ ಹೊರೋಕಾಗ್ಲಿಲ್ಲ."

ಪೇವೆನ್ ಕೈಲಿದ್ದ ಸರದಿ ಚೀಟಿ ಓದುವವಳಂತೆ ತಲೆ ತಗ್ಗಿಸಿದಳು.

"ಮೇಷ್ಟ್ರು ಇನ್ನೂ ಇದಾರಾ?"

"ಹೆಂಡ್ತಿ ಇದಾರೆ. ದಾರೀಲಿ ಸಿಕ್ರೆ ಇವತ್ತಿಗೂ 'ಊಟ ಆಯ್ತೇನಪ್ಪ' ಅಂತಾರೆ. ಅವತ್ತು ನಾನೂ ಇದ್ದೆ ಅಂತ ಗೊತ್ತಿದ್ದು ಕೇಳ್ತಾರೋ, ಗೊತ್ತಿಲ್ದೆ ಕೇಳ್ತಾರೋ."

"ನಲವತ್ತೊಂದು!" ಒಳಗಿನಿಂದ ಕೂಗಿದರು. ಅದು ಅವರ ಸರದಿ.

"ಎತ್ತಪ್ಪ ಆ ಕಡೆ."

"ಒಳಕ್ಕಾ?"

"ಮೇಷ್ಟ್ರ ಮನೆಗೆ."

"ಆಯಮ್ಮ ಬಾಗಿಲು ತೆಗೆದ್ರೆ ಏನಂತ ಹೇಳ್ಲಿ?"

ಮಗಳು ಕಂಬದ ಒಂದು ತುದಿ ಎತ್ತಿ ನಡೆದೇಬಿಟ್ಟಳು. ಇನ್ನೊಂದು ತುದಿಗೆ ಜೋತುಬಿದ್ದವನಂತೆ ಮುದುಕ ಅವಳ ಹಿಂದೆ ಬೀದಿಗಿಳಿದ.